ನಗದೆ ನಿಂತ ಸೇತುವೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ನಕ್ಕರೆ ಸೇತುವೆಯೇ ಹೋಯಿತು. ಗಾದೆಗೆ ಈ ಬಾಲ ಇರಲಿಲ್ಲವಲ್ಲ ಎಂದು ಯಾರಾದರೂ ತಕರಾರು ತೆಗೆದರೆ ತೆಗೆಯಲಿ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಗಾದೆ ಸುಳ್ಳಾದರೂ ಈ ಕತೆ ಸುಳ್ಳಾಗದು. ಎರಡು ಸಾವಿರದ ಒಂದನೇ ಇಸವಿಯ ವಸಂತದಲ್ಲಿ, ಕಡಲಾಚೆಯ ಮಿಲ್ಪಿಟಾಸಿನ ಒಂದು ಗರಾಜಿನೊಳಗೆ, ಹಾಡಹಗಲೇ ನಡೆದದ್ದು ಇದು. ಸಾಕ್ಷಿಗೆ ನಾಲ್ಕು ಕುರ್ಚಿಗಳಿವೆ.

ಆ ವರ್ಷ ಬೇ ಏರಿಯಾದಲ್ಲಿ ವಾರಕ್ಕೊಂದು ಡಾಟ್‌ಕಾಂ ಕಣ್ಣು ಮುಚ್ಚುತ್ತಿತ್ತು. ಕಂಪನಿ ಸತ್ತರೆ ಹೆಣ ಸಿಗುವುದಿಲ್ಲ, ಕುರ್ಚಿ ಸಿಗುತ್ತದೆ. ಬಲೆಯ ಬೆನ್ನಿನ, ಹತ್ತು ಕಡೆ ತಿರುಪು ಇರುವ, ಕೂತವರನ್ನು ತೊಟ್ಟಿಲಿನಂತೆ ತೂಗುವ ಕುರ್ಚಿ. ಗರಾಜಿನ ಯಜಮಾನ ಸಲೀಮ್ ಹರಾಜಿಗೆ ಹೋಗಿ ಅಂಥ ನಾಲ್ಕನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದ. ಜೊತೆಗೆ ಗೋಡೆಯಗಲದ ಒಂದು ವೈಟ್‌ಬೋರ್ಡು. ಅದರ ಮೇಲೆ ಯಾರೋ ಅಳಿಸಲಾಗದ ಮಾರ್ಕರಿನಲ್ಲಿ, ಎಡಗಡೆ ಕೆಳಮೂಲೆಯಿಂದ ಬಲಗಡೆ ಮೇಲ್ಮೂಲೆಗೆ ನೆಗೆಯುವ ಗೆರೆಯೊಂದನ್ನು ಎಳೆದು, ತುದಿಗೆ ‘ಐಪಿಓ’, ಅಂದರೆ ಷೇರುಪೇಟೆಗೆ ಇಳಿಯುವ ಶುಭದಿನ, ಎಂದು ಬರೆದಿದ್ದರು. ಸಲೀಮನ ಹೆಂಡತಿ ಫಖರುನ್ನಿಸಾ ಸ್ಪಿರಿಟು ಹಾಕಿ ಉಜ್ಜಿದಳು, ನಿಂಬೆಹಣ್ಣು ಹಾಕಿ ಉಜ್ಜಿದಳು, ಕೊನೆಗೆ ಸೀಗೆಪುಡಿಯನ್ನೂ ಹಾಕಿದಳು. ಗೆರೆ ಜಪ್ಪಯ್ಯ ಎನ್ನಲಿಲ್ಲ.

‘‘ಇರ್ಲಿ ಬಿಡಿ ಭಾಭಿ, ಅದು ಹೊಳೆ,’’ ಎಂದಳು ಆಟಕ್ಕೆಂದು ಬಂದಿದ್ದ ಗೆಳತಿ ಅಕ್ಷಯಾ.

ಹಾಗೆ ಹುಟ್ಟಿದ್ದು ಐಪಿಓ ಹೊಳೆ. ಕೆಳಗಿನಿಂದ ಮೇಲಕ್ಕೆ ಹರಿಯುವ, ಯಾವಾಗ ಉಕ್ಕುತ್ತದೋ ಯಾರಿಗೂ ತಿಳಿಯದ ಹೊಳೆ. ಅದರ ದಂಡೆಯ ಮೇಲೆ ನಾಳೆಪುರವೆಂಬ ಊರು. ಊರಿನಲ್ಲಿ ನೇಕಾರರು, ಕುಂಬಾರರು, ದನಕರು, ಮತ್ತು ಸೇತುವೆಯ ತುದಿಯಲ್ಲಿ ಗಡಿಗೆ ಇಟ್ಟುಕೊಂಡು ದಾರಿಹೋಕರಿಗೆಲ್ಲ ಅಂಬಲಿ ಬಡಿಸುವ ಒಬ್ಬ ಅಜ್ಜಿ.

ಇಷ್ಟೂ ಆಟದ ಮಾತು. ಬಯಲಾಟಕ್ಕೆ ಬಯಲೇ ಬೇಡ, ಒಂದು ಮೇಜು ಸಾಕು ಎಂದರೆ ಹೇಗೋ ಹಾಗೆ. ಒಬ್ಬರು ಲೋಕವನ್ನು ಹೇಳುತ್ತಾ ಹೋಗುತ್ತಾರೆ. ಉಳಿದವರು ಒಂದೊಂದು ಪಾತ್ರ ಹೊತ್ತು, ನಾನು ಹೀಗೆ ಮಾಡುತ್ತೇನೆ, ಹಾಗೆ ಮಾಡುತ್ತೇನೆ ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ದಾಳ ತೀರ್ಪು ಕೊಡುತ್ತದೆ. ಲೋಕ ಹೇಳುವವರಿಗೆ ಇಂಗ್ಲಿಷಿನಲ್ಲಿ ಏನೇನೋ ಹೆಸರಿದೆ. ಈ ಗರಾಜಿನಲ್ಲಿ ಅವರಿಗೆ ಭಾಗವತರು ಎನ್ನುತ್ತಿದ್ದರು. ಎರಡು ವರ್ಷದಿಂದ ಆ ಭಾಗವತಿಕೆ ಹಾಸನದ ಅಕ್ಷಯಾಳದು.

ಆಟದಲ್ಲಿ ಮಾಟಮಂತ್ರವೂ ಇತ್ತು. ಅಂಗಡಿಯಲ್ಲಿ ಸಿಗುವ ಆಟಗಳಲ್ಲಿ ಮಂತ್ರಕ್ಕೆಂದೇ ದಿಂಬಿನಷ್ಟು ದಪ್ಪದ ಪುಸ್ತಕಗಳಿರುತ್ತವೆ. ಅಕ್ಷಯಾ ಅದನ್ನೆಲ್ಲ ಬದಿಗೆ ತಳ್ಳಿ ಮೂರೇ ಪ್ರಶ್ನೆ ಇಟ್ಟುಕೊಂಡಿದ್ದಳು. ಏನು ಬೇಕು? ಏನು ಕೊಡ್ತೀಯ? ತಪ್ಪಿದರೆ? ಅಷ್ಟೇ. ನಮ್ಮ ಕಡೆ ಹರಕೆ ಹೊರುವುದಿಲ್ಲವೇ, ಅದೇ. ಏನನ್ನು ಬೇಕಾದರೂ ಕೇಳಬಹುದು. ಕೊಡುವುದು ಮಾತ್ರ ನೋಯಬೇಕು. ಕೇಳಿಸಿಕೊಳ್ಳುವವಳು ಕೇಳವ್ವ ಎಂಬ ದೇವತೆ. ಕೇಳವ್ವನಾಗಿ ಅಕ್ಷಯಾ ದನಿ ತಗ್ಗಿಸಿ, ಸಂತೆಯಲ್ಲಿ ಸೊಪ್ಪಿಗೆ ಚೌಕಾಶಿ ಮಾಡುವವಳಂತೆ ಜಗ್ಗಿ ಜಗ್ಗಿ ಬೆಲೆ ಕಟ್ಟುತ್ತಿದ್ದಳು.

ಅದಕ್ಕೊಂದು ಕಟ್ಟಳೆಯೂ ಬೆಳೆದಿತ್ತು. ಪಾತ್ರ ಕೊಟ್ಟದ್ದನ್ನು ಆಟಗಾರನೂ ಬಿಡಬೇಕು, ಹರಕೆ ತೀರುವ ತನಕ. ಸಲೀಮನ ಕಳ್ಳ ಒಮ್ಮೆ ಕೋಟೆಯ ಬೀಗ ತೆಗೆಯಲು ಉಪ್ಪು ಕೊಟ್ಟ. ಸಲೀಮ್ ಅವತ್ತು ಉಪ್ಪಿಲ್ಲದ ಬಿರಿಯಾನಿ ತಿಂದು ಹೆಂಡತಿಯ ಮುಖ ನೋಡುತ್ತಾ ಕೂತ. ನಾಗಾರ್ಜುನನ ಯೋಧ ಬಲಗೈ ಕೊಟ್ಟ; ನಾಗಾರ್ಜುನ ಎಡಗೈಯಲ್ಲಿ ಟೀ ಕುಡಿದು ಅಂಗಿಗೆಲ್ಲ ಕುಡಿಸಿದ.

ಉಳಿದವನು ಶಿವಪ್ರಕಾಶ್. ಅವನ ಪಾತ್ರ ಹೊಗೆಸಿದ್ಧನೆಂಬ ಮಂತ್ರವಾದಿ. ಆಟದ ಹೊರಗೆ ಅವನು ಯಾರ ದನಿಯನ್ನಾದರೂ ತೆಗೆಯಬಲ್ಲ, ಯಾವ ಪದವನ್ನಾದರೂ ಮುರಿಯಬಲ್ಲ ಆಸಾಮಿ. ‘‘ಬೇ ಏರಿಯಾದಲ್ಲಿ ಬೇಸಾಯ ಇಲ್ಲ, ಬೇಸರ ಮಾತ್ರ,’’ ಎನ್ನುವ ಜಾತಿ. ಹಿಂದಿನ ತಿಂಗಳು ಅಪಾರ್ಟ್‌ಮೆಂಟಿನ ಮ್ಯಾನೇಜರಮ್ಮನ ದನಿಯಲ್ಲಿ ನಾಗಾರ್ಜುನನಿಗೆ ಫೋನು ಮಾಡಿ, ‘ನಿಮ್ಮ ಬಾಲ್ಕನಿ ಕರಿಬೇವಿನ ಭಾರಕ್ಕೆ ಬಾಗಿದೆ’ ಎಂದಿದ್ದ. ಪಾಪ, ಮಂಡ್ಯದ ಆ ಗಂಭೀರ ಮನುಷ್ಯ ಕುಂಡಗಳನ್ನೆಲ್ಲ ಒಂದೊಂದಾಗಿ ಸ್ವಿಮ್ಮಿಂಗ್ ಪೂಲಿನ ಪಕ್ಕಕ್ಕೆ ಸಾಗಿಸಿದ್ದ.

ಇಂಥ ಶಿವಪ್ರಕಾಶನ ಎದೆಯಲ್ಲಿ ಒಂದು ಆಸೆ ಇತ್ತು. ಎಲ್ಲಿ ಹೋದರೂ ಜನ ಅವನನ್ನು ಕಂಡೊಡನೆ, ‘ಒಂದು ಮಿಮಿಕ್ರಿ ಬಿಡು ಗುರು’ ಎನ್ನುತ್ತಿದ್ದರು. ಅವನು ಬಾಯಿ ತೆರೆಯುವ ಮೊದಲೇ ಹಲ್ಲು ಬಿಟ್ಟು ತಯಾರಾಗುತ್ತಿದ್ದರು. ಅಕ್ಷಯಾ ಮಾತ್ರ ಮೂರನೆಯ ಪ್ರಶ್ನೆಗೆ ಮುಂಚೆ ಒಂದು ಗಳಿಗೆ ಸುಮ್ಮನಾಗುತ್ತಿದ್ದಳು. ಆಗ ಮೇಜಿನ ಸುತ್ತ ಯಾರೂ ಉಸಿರು ಬಿಡುತ್ತಿರಲಿಲ್ಲ. ಆ ಮೌನ ತನಗೂ ದಕ್ಕಬೇಕು, ತನ್ನ ಮಾತಿಗೂ ಒಮ್ಮೆ ಜನ ಹಾಗೆ ಹೆದರಿ ಕಾಯಬೇಕು. ಅದಕ್ಕಾಗಿ ಅವನು ಏನನ್ನಾದರೂ ಕೊಟ್ಟಾನು. ಏನನ್ನಾದರೂ ಎಂಬ ಮಾತು ಎಷ್ಟು ದುಬಾರಿ ಎಂದು ಇನ್ನೂ ಗೊತ್ತಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಅಕ್ಷಯಾ ಬಿಸ್ಕತ್ತಿನ ತವರದ ಡಬ್ಬಿಯನ್ನು ಮೇಜಿನ ನಡುವೆ ಇಟ್ಟಳು. ಅದರಲ್ಲೇ ದಾಳಗಳು, ಪೆನ್ಸಿಲ್ ಚೂರುಗಳು, ಎರಡು ವರ್ಷದ ಲೋಕ. ಮೆನ್ಲೋ ಪಾರ್ಕಿನ ಅವಳ ಕಂಪನಿಯೂ ಮುಚ್ಚಿತ್ತು. ದೂರದ ಆಸ್ಟಿನ್ನಿನಲ್ಲಿ ಕೆಲಸ ಸಿಕ್ಕಿತ್ತು.

‘‘ಸೋಮವಾರ ಟ್ರಕ್ ಬರತ್ತೆ. ಇವತ್ತೇ ನನ್ನ ಕೊನೇ ಆಟ. ಡಬ್ಬೀನೂ ಭಾಗವತಿಕೇನೂ ಯಾರಿಗಾದ್ರೂ ಕೊಟ್ಟು ಹೋಗ್ಬೇಕು.’’

‘‘ನಂಗಂತೂ ಬೇಡಮ್ಮಾ,’’ ಎಂದ ಸಲೀಮ್. ‘‘ನಾನು ಕಳ್ಳನಾಗೇ ಆರಾಮಾಗಿದೀನಿ.’’

ನಾಗಾರ್ಜುನ ಗಂಟಲು ಸರಿಮಾಡಿಕೊಂಡು ಒಂದು ದಪ್ಪ ಬೈಂಡರನ್ನು ಡಬ್ಬಿಯ ಪಕ್ಕಕ್ಕಿಟ್ಟ. ಚಳಿಗಾಲವಿಡೀ ಕೂತು ಬರೆದದ್ದು. ನಲವತ್ತು ಪುಟ, ಎಲ್ಲಕ್ಕೂ ಕೋಷ್ಟಕ. ಬೆಂಕಿಗೆ ಇಷ್ಟು, ಬೀಗಕ್ಕೆ ಇಷ್ಟು. ಮಿಂಚೊಂದಕ್ಕೇ ಹನ್ನೆರಡು ಬಗೆ, ಬಗೆಗೊಂದು ಚಿತ್ರ.

‘‘ನಾನು ನಡೆಸಿದ್ರೆ ಇದರ ಪ್ರಕಾರ ನಡೆಸ್ತೀನಿ. ಮೂರು ಪ್ರಶ್ನೆ ಸಾಕಾಗಲ್ಲ.’’

‘‘ಯಾಕಪ್ಪಾ ಸಾಕಾಗಲ್ಲ?’’ ಶಿವಪ್ರಕಾಶ್ ಬೈಂಡರನ್ನು ಎರಡು ಬೆರಳಿನಿಂದ ಆಚೆ ಸರಿಸಿದ. ‘‘ಎರಡು ವರ್ಷ ಸಾಕಾಗಿತ್ತಲ್ಲ.’’

‘‘ನಿಂಗೆ ಸಾಕಾಗಿತ್ತು. ಮಾತು ಬರೋರಿಗೆ ಆ ಹರಕೆ ಚೆಂದ. ನೀನು ನಾಲ್ಕು ಮಾತಲ್ಲಿ ಕೇಳವ್ವನ್ನ ಬುಟ್ಟಿಗೆ ಹಾಕ್ಕೊಳ್ತೀಯ. ನಾನು ಬಾಯಿ ತೆಗೆದ್ರೆ ಬಲಗೈ ಹೋಗತ್ತೆ. ಕೋಷ್ಟಕ ಇದ್ರೆ ಎಲ್ರಿಗೂ ಒಂದೇ ಲೆಕ್ಕ.’’

ಅದರಲ್ಲಿ ಸುಳ್ಳಿರಲಿಲ್ಲ. ಸಲೀಮ್ ತಲೆಯಾಡಿಸಿದ. ಮಿಂಚಿಗೆ ಹನ್ನೆರಡು ಬಗೆ ಬಂದ ದಿನ ಆ ಮೌನ ಸತ್ತಂತೆಯೇ ಎಂದು ಶಿವಪ್ರಕಾಶನಿಗೆ ಗೊತ್ತಾಗುತ್ತಿತ್ತು. ಪುಟ ತಿರುವುವ ಸದ್ದಿನಲ್ಲಿ ಯಾರು ಉಸಿರು ಹಿಡಿಯುತ್ತಾರೆ?

‘‘ನಂಗೆ ಕೊಡು ಅಕ್ಷಯಾ,’’ ಎಂದ. ದನಿ ಯಾರದ್ದೂ ಆಗಿರಲಿಲ್ಲ, ಅವನದೇ.

ಅಕ್ಷಯಾ ಅವನನ್ನೇ ನೋಡಿದಳು. ‘‘ನಿನ್ನ ಮಾತು ಚೆಂದ ಶಿವು. ಆದ್ರೆ ಊರು ಮುಳುಗ್ತಿದ್ರೂ ನೀನು ಪನ್ ಮಾಡ್ತೀಯ. ಭಾಗವತನೇ ಕಿಸಕ್ ಅಂದ್ಬಿಟ್ರೆ ಭೂತಕ್ಕೆ ಯಾರು ಹೆದರ್ತಾರೋ? ನೋಡೋಣ. ಆಟ ಮುಗೀಲಿ.’’

ಆಟ ಶುರುವಾಯಿತು, ಹೊಳೆ ಉಕ್ಕಿತು. ಅಕ್ಷಯಾ ನೀಲಿ ಮಾರ್ಕರಿನಲ್ಲಿ ಐಪಿಓ ಗೆರೆಯನ್ನು ದಪ್ಪ ಮಾಡುತ್ತಾ ಹೋದಳು. ನೀರು ಕುಂಬಾರಗೇರಿಯನ್ನು ನುಂಗಿತು, ಸಂತೆಮಾಳವನ್ನು ನುಂಗಿತು, ಕೊನೆಗೆ ಸೇತುವೆಯ ಮೂರು ಕಮಾನನ್ನೂ. ಸಲೀಮನ ಕಳ್ಳ ಮತ್ತು ನಾಗಾರ್ಜುನನ ಯೋಧ ಹೇಗೋ ಈಜಿ ಆಚೆ ದಡ ಸೇರಿದರು. ಊರು ಈಚೆ ಉಳಿಯಿತು. ಹೊಗೆಸಿದ್ಧ ಊರಿನ ಜೊತೆ ಉಳಿದ.

‘‘ಕೇಳವ್ವಾ,’’ ಎಂದ ಶಿವಪ್ರಕಾಶ್.

ಅಕ್ಷಯಾಳ ದನಿ ತಗ್ಗಿತು. ‘‘ಏನು ಬೇಕು?’’

‘‘ಬಿದ್ದ ಸೇತುವೆ ನಿಲ್ಲಬೇಕು. ಊರಿನ ಕೊನೆಯವರು ದಾಟೋ ತನಕ.’’

‘‘ಏನು ಕೊಡ್ತೀಯ?’’

‘‘ನನ್ನ ಗಡ್ಡ. ನೂರು ವರ್ಷ ಬೆಳೆಸಿದ್ದು.’’

‘‘ಗಡ್ಡಕ್ಕೆ ಒಂದು ಹಲಗೆ ಬರತ್ತೆ. ಇಟ್ಕೋ, ಚಳಿಗಾಗತ್ತೆ.’’

‘‘ಎಡಗಣ್ಣು.’’

‘‘ಅರ್ಧ ಹೊಳೆ. ಮಿಕ್ಕರ್ಧ ಜನ ಹಾರ್ಕೊಂಡು ಹೋಗ್ತಾರಾ?’’

ಶಿವಪ್ರಕಾಶ್ ಡಬ್ಬಿಯನ್ನು ನೋಡಿದ, ಬೈಂಡರನ್ನು ನೋಡಿದ. ‘‘ನಗು,’’ ಎಂದ.

ಸಲೀಮನ ಕೈ ಬಜ್ಜಿಯ ತಟ್ಟೆಗೂ ಬಾಯಿಗೂ ನಡುವೆ ನಿಂತಿತು.

‘‘ಎಲ್ಲಾ ನಗೂನಾ?’’

‘‘ಎಲ್ಲಾ. ತುಟಿಯಂಚಿನದೂ ಸೇರಿ. ಕೊನೆಯವರು ದಾಟೋ ತನಕ.’’

ಆಗ ಬಂತು ಆ ಮೌನ. ನಿಜವಾಗಿ ನೋಯುವುದನ್ನು ಕೊಟ್ಟಾಗ ಅದು ಇಷ್ಟು ಭಾರವೆಂದು ಅವನಿಗೆ ತಿಳಿದಿರಲಿಲ್ಲ.

‘‘ತಪ್ಪಿದರೆ?’’

‘‘ಸೇತುವೆ ಬೀಳಲಿ. ಅದರ ಮೇಲಿದ್ದವರು ಹೋಗಲಿ. ಹೊಗೆಸಿದ್ಧನೂ ಹೋಗಲಿ.’’

ಅಕ್ಷಯಾ ತನ್ನ ಸ್ವಂತ ದನಿಗೆ ಬಂದಳು. ‘‘ಸರಿ, ನನ್ನದೂ ಒಂದು ಸೇರಿಸ್ತೀನಿ. ನಗದೆ ಉಳಿದ್ರೆ ಡಬ್ಬಿ ನಿಂದು. ನಕ್ರೆ ನಾಗಾರ್ಜುನಂದು. ಒಪ್ಪಿಗೇನಾ?’’

ದಾಳ ಉರುಳಿತು. ಐದು. ಐಪಿಓ ಹೊಳೆಯ ಮೇಲೆ ಹೊಗೆಯ ಸೇತುವೆಯೊಂದು ಎದ್ದು ನಿಂತಿತು. ಅದರ ಹೆಗಲಿಗೆ ಹೆಗಲು ಕೊಟ್ಟು ನಡುಹೊಳೆಯಲ್ಲಿ ಹೊಗೆಸಿದ್ಧ. ಅಕ್ಷಯಾ ಬೋರ್ಡಿನ ಮೇಲೆ ದಾಟಬೇಕಾದವರ ಸಾಲು ಬರೆದಳು: ಮಕ್ಕಳು, ದನಕರು, ನೇಕಾರರು. ತುದಿಯಲ್ಲಿ ಗಡಿಗೆಯ ಒಂದು ಪುಟ್ಟ ಚಿತ್ರ.

‘‘ಹರಕೆಗೆ ಪರೀಕ್ಷೆ ಇದ್ದೇ ಇರತ್ತೆ,’’ ಎಂದಳು. ‘‘ನೀರಿಂದ ಎರಡು ಭೂತ ಏಳ್ತವೆ. ಸಲೀಮ್, ನಾಗಾರ್ಜುನ, ನಿಮ್ಮೋರು ದಡ ಸೇರಿ ಸುಮ್ನೆ ಕೂತಿದಾರಲ್ಲ, ಭೂತಗಳು ನೀವೇ ಆಗಿ. ಮುಟ್ಟೋ ಹಾಗಿಲ್ಲ. ಇವನನ್ನ ನಗಿಸೋಕೆ ಬಾಕಿ ಏನು ಬೇಕಾದ್ರೂ ಮಾಡಿ.’’

‘‘ಏನು ಬೇಕಾದ್ರೂ?’’ ನಾಗಾರ್ಜುನ ಕೇಳಿದ. ಅವನ ಕಣ್ಣಿನಲ್ಲಿ ಕರಿಬೇವಿನ ಕುಂಡಗಳು ಸಾಲಾಗಿ ಹಾದುಹೋದವು.

ಮೊದಲು ಸಲೀಮ್ ಎದ್ದ. ಅವನು ಅಣಕಿಸಿದ್ದು ಬೇರೆ ಯಾರನ್ನೂ ಅಲ್ಲ, ಶಿವಪ್ರಕಾಶನನ್ನೇ. ಕುತ್ತಿಗೆಯನ್ನು ಅವನಂತೆಯೇ ಆಮೆಯ ಹಾಗೆ ಮುಂದೆ ಚಾಚಿ, ಹುಬ್ಬನ್ನು ಅವನಂತೆಯೇ ಕೂದಲಿನ ತನಕ ಏರಿಸಿ, ಪನ್ ಬಿಡುವ ಮುಂಚೆ ಶಿವಪ್ರಕಾಶ್ ಎಳೆದುಕೊಳ್ಳುವ ಆ ಉಸಿರನ್ನೂ ಎಳೆದುಕೊಂಡು ಹೇಳಿದ:

‘‘ನೋಡೀ ಸ್ವಾಮಿ, ನಾಳೆಪುರದಲ್ಲಿ ಸಂಬಳ ನಾಳೆ, ಲಾಭ ನಾಳೆ, ಕೆಲಸದಿಂದ ಕಿತ್ಹಾಕೋ ಪಿಂಕ್ ಸ್ಲಿಪ್ ಮಾತ್ರ ಇವತ್ತೇ! ಹ್ಹೆ? ಅರ್ಥ ಆಯ್ತಾ? ಇಲ್ವಾ? ಮತ್ತೆ ಹೇಳ್ಲಾ? ನಾಳೆಪುರದಲ್ಲಿ…’’

ಅಕ್ಷಯಾ ಬಾಯಿಗೆ ಸೆರಗಿಲ್ಲದೆ ಜಾಕೆಟ್ಟಿನ ತೋಳು ಅಡ್ಡ ಹಿಡಿದಳು. ಶಿವಪ್ರಕಾಶ್ ಗುರುತಿಸಿದ: ಪನ್ನು ಅರ್ಥವಾಗದವರಿಗೆ ಮತ್ತೆ ಮತ್ತೆ ಹೇಳುವ ಆ ಚಾಳಿ, ಅದು ತನ್ನದೇ! ಇಷ್ಟು ದಿನ ಜನ ತನ್ನಿಂದ ಇದನ್ನೇ ಸಹಿಸಿದ್ದರೇ? ಶಿವಪ್ರಕಾಶ್ ಒಳಗೆನ್ನೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದ. ಉಪ್ಪುರುಚಿಯ ರಕ್ತ ಬಂತು. ಬೋರ್ಡಿನ ಮೇಲಿನ ಮಕ್ಕಳನ್ನು ನೋಡಿದ. ಮಕ್ಕಳು, ಮಕ್ಕಳು, ಕೈಯಲ್ಲಿ ಕೈ ಹಿಡಿದ ಮಕ್ಕಳು.

‘‘ಮಕ್ಕಳು ದಾಟಿದ್ರು,’’ ಅಕ್ಷಯಾ ಒಂದು ಸಾಲು ಒರೆಸಿದಳು. ಸಲೀಮ್ ಬಿಡಲಿಲ್ಲ, ಶಿವಪ್ರಕಾಶ್ ಫೋನಿನಲ್ಲಿ ಅವ್ವನೊಡನೆ ಮಾತಾಡುವ ದನಿ ತೆಗೆದ, ಫ್ರೀವೇಯಲ್ಲಿ ಲೇನು ಬದಲಿಸುವಾಗ ಬೈಯುವ ದನಿ ತೆಗೆದ. ದನಕರು ದಾಟಿದವು. ಶಿವಪ್ರಕಾಶನ ಬೆನ್ನಿನ ಬೆವರು ಸತ್ತ ಕಂಪನಿಯ ಬಲೆಕುರ್ಚಿಯಿಂದ ತೊಟ್ಟಿಕ್ಕತೊಡಗಿತು.

ಆಗ ಅಡುಗೆಮನೆಯ ಬಾಗಿಲು ತೆರೆದು ಫಖರುನ್ನಿಸಾ ಇಣುಕಿದಳು. ‘‘ಶಿವಪ್ರಕಾಶ್ ಭಾಯಿ, ನಿಮ್ ಕಾರಿನ್ ಲೈಟು ಉರೀತಾ ಇದೆ ನೋಡಿ. ಬ್ಯಾಟರಿ ಹೋಗ್ಬಿಡತ್ತೆ.’’

ಶಿವಪ್ರಕಾಶ್ ಬೆಳಿಗ್ಗೆ ಲಿವರ್‌ಮೋರಿನಿಂದ ಬರುವಾಗ ಸುನೋಲ್ ಕಣಿವೆಯಲ್ಲಿ ಮಂಜು ಕವಿದಿತ್ತು. ಲೈಟು ಹಾಕಿದ್ದು ನಿಜ. ಆರಿಸಿದ್ದು? ನೆನಪಿಲ್ಲ. ಇದೂ ಭೂತದ ಆಟವೇ? ಸಲೀಮನ ಮುಖ ನೋಡಿದರೆ ಅವನಿಗೂ ಗೊತ್ತಿಲ್ಲದಂತಿತ್ತು. ಕುರ್ಚಿ ಬಿಟ್ಟು ಎದ್ದರೆ ಹೊಗೆಸಿದ್ಧ ಹೊಳೆ ಬಿಟ್ಟು ಎದ್ದಂತೆ.

‘‘ಹೋಗ್ಲಿ ಬಿಡಿ ಭಾಭಿ,’’ ಎಂದ ಹಲ್ಲು ಬಿಚ್ಚದೆ. ‘‘ನೇಕಾರರು ಇನ್ನೂ ದಾಟಿಲ್ಲ.’’

ಫಖರುನ್ನಿಸಾ ಗಂಡನ ಕಡೆ ನೋಡಿ, ‘‘ಯಾ ಅಲ್ಲಾ, ಇವರಿಗೇನಾಗಿದೆ?’’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಣ್ಣೆ ಕಾದಿದೆಯೆಂದು ಒಳಗೆ ಓಡಿದಳು.

ನೇಕಾರರೂ ದಾಟಿದರು. ಉಳಿದದ್ದು ಗಡಿಗೆಯ ಚಿತ್ರ.

‘‘ಅಂಬಲಿ ಅಜ್ಜಿ ಸೇತುವೆ ಹತ್ತಿದ್ಲು,’’ ಎಂದಳು ಅಕ್ಷಯಾ. ಅಜ್ಜಿಯ ದನಿ ತೆಗೆದು, ‘‘ಹೊಗೆಯಪ್ಪಾ, ನಿಧಾನ ಕಣೋ. ಗಡಿಗೆ ತುಂಬೈತೆ. ಆಚೆ ದಡದಾಗೆ ಮಕ್ಳು ಹಸ್ಕೊಂಡವೆ.’’

‘‘ಗಡಿಗೆ ಬಿಟ್ಟು ಬಾರಜ್ಜಿ,’’ ಎಂದ ಹೊಗೆಸಿದ್ಧ.

‘‘ಅಂಬಲಿ ಬಿಟ್ಟು ಅಜ್ಜಿ ಬಂದ್ರೆ ಯಾರಿಗ್ಲಾ ಬೇಕು?’’

ಎರಡು ವರ್ಷದಲ್ಲಿ ಹೊಗೆಸಿದ್ಧ ಸತ್ತು ಬದುಕಿದಾಗಲೆಲ್ಲ ಮೊದಲು ಕುಡಿದದ್ದು ಈ ಅಜ್ಜಿಯ ಅಂಬಲಿ. ಅವಳು ಒಂದು ಹೆಜ್ಜೆ ಇಡುತ್ತಾಳೆ, ನಿಲ್ಲುತ್ತಾಳೆ. ಅಕ್ಷಯಾ ಚಿತ್ರವನ್ನು ಒರೆಸಿ ಒಂದು ಬೆರಳು ಮುಂದೆ ಬರೆದಳು. ಆಚೆ ದಡ ಇನ್ನೂ ಮೊಳದಷ್ಟು ದೂರ.

ಎರಡನೆಯ ಭೂತ ಎದ್ದಿತು.

ನಾಗಾರ್ಜುನ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಅಂಗಿಯ ಕಾಲರಿನ ಗುಂಡಿ ಹಾಕಿಕೊಂಡ. ಎರಡು ವರ್ಷದಲ್ಲಿ ಅವನು ಯಾರ ದನಿಯನ್ನೂ ತೆಗೆದವನಲ್ಲ. ಅವನ ಯೋಧ ರಣರಂಗದಲ್ಲಿ ಕೂಗಿದರೂ ಮೀಟಿಂಗಿನಲ್ಲಿ ಪ್ರಗತಿ ವರದಿ ಒಪ್ಪಿಸಿದಂತಿರುತ್ತಿತ್ತು. ಶಾಲೆಯಲ್ಲಿ ಪದ್ಯ ಒಪ್ಪಿಸುವವನಂತೆ ಎರಡೂ ಕೈ ಬದಿಗಿಳಿಸಿ, ಕಣ್ಣು ಮುಚ್ಚಿದ.

‘‘ಟೂಂಂಂಂ,’’ ಎಂದ.

ಯಾರಿಗೂ ಅರ್ಥವಾಗಲಿಲ್ಲ.

‘‘ಟಿಪ್ ಟಪ್ ಟಿಪ್ ಟಿಪ್ ಟಪ್ ಟಿಪ್ ಟಪ್.’’ ಅಚ್ಚುಕಟ್ಟು. ಒಂದು ಅಂಕಿಯೂ ತಪ್ಪಲಿಲ್ಲ. ‘‘ಟ್ರೀಂ. ಟ್ರೀಂ. ಕ್ಯೀಂಂಂಂ… ಕ್ಯಾಂಂಂಂ… ಖ್ರ್‌ರ್‌ರ್‌ರ್… ಡೊಂಯ್. ಡೊಂಯ್. ಶ್‌ಶ್‌ಶ್‌ಶ್‌ಶ್…’’

ಮೋಡೆಮ್ಮು! ಮನೆಮನೆಯಲ್ಲೂ ಇಂಟರ್‌ನೆಟ್ಟಿಗೆ ಜೋತುಬಿದ್ದು ಕಾಯುವಾಗ ಕೇಳುವ ಆ ಮೋಡೆಮ್ಮಿನ ಗೋಳನ್ನು, ಮಂಡ್ಯದ ನಾಗಾರ್ಜುನ, ಕಾಲರಿನ ಗುಂಡಿ ಹಾಕಿಕೊಂಡು, ಚಾಚೂ ತಪ್ಪದೆ ಒಪ್ಪಿಸುತ್ತಿದ್ದ. ‘ಡೊಂಯ್’ ಬಂದಾಗಲೆಲ್ಲ ಅವನ ಹಿಮ್ಮಡಿ ತಾನಾಗಿ ಏಳುತ್ತಿತ್ತು. ಇನ್ನೇನು ಕನೆಕ್ಷನ್ನು ಸಿಕ್ಕಿತು ಎನ್ನುವಾಗ ಗಕ್ಕನೆ ನಿಂತ. ಒಂದು ಕಣ್ಣು ತೆರೆದ.

‘‘ಲೈನ್ ಬಿಝಿ,’’ ಎಂದು ಪ್ರಕಟಿಸಿದ. ಕಣ್ಣು ಮುಚ್ಚಿಕೊಂಡು ಮೊದಲಿಂದ ಹಿಡಿದ. ‘‘ಟೂಂಂಂಂ…’’

ಸಲೀಮ್ ನಕ್ಕು ನಕ್ಕು ಮೇಜಿನ ಕೆಳಗೆ ಇಳಿದುಹೋದ. ಅಕ್ಷಯಾ ಬೋರ್ಡಿಗೆ ಹಣೆ ಒತ್ತಿ ನಿಂತಳು, ಭುಜ ಕುಣಿಯುತ್ತಿತ್ತು. ಶಿವಪ್ರಕಾಶನ ಹೊಕ್ಕುಳಿನ ಹತ್ತಿರ ಒಂದು ಗುಳ್ಳೆ ಎದ್ದಿತು. ಅದು ಮೇಲಕ್ಕೆ ಬಂತು. ಕೆನ್ನೆ ಕಚ್ಚಿದ, ಕೆನ್ನೆಗೆ ನೋವು ಗೊತ್ತಾಗಲಿಲ್ಲ. ಸತ್ತವರನ್ನು ನೆನೆದ, ಸತ್ತವರೆಲ್ಲ ಡೊಂಯ್ ಡೊಂಯ್ ಎಂದರು. ಬೋರ್ಡು ನೋಡಿದ. ಗಡಿಗೆ ನಡುಹೊಳೆಯಲ್ಲಿತ್ತು. ಗುಳ್ಳೆ ಎದೆಗೆ ಬಂತು, ಗಂಟಲಿಗೆ ಬಂತು. ತುಟಿಯಂಚು ಒಂದು ಸಲ ಅದುರಿತು. ಇನ್ನೊಂದು ಡೊಂಯ್ ಬಂದರೆ ಮುಗಿಯಿತು, ಅವನಿಗೇ ಗೊತ್ತಿತ್ತು.

ಕೈ ಎತ್ತಿದ. ‘‘ಕೇಳವ್ವಾ! ಇನ್ನೊಂದು ಹರಕೆ!’’

ಮೋಡೆಮ್ಮು ನಿಂತಿತು. ಅಕ್ಷಯಾ ಕಣ್ಣೊರೆಸಿಕೊಂಡು ತಿರುಗಿದಳು. ಅವಳ ದನಿ ತಗ್ಗಲು ಎರಡು ಸಲ ಯತ್ನಿಸಬೇಕಾಯಿತು. ‘‘ಏನು ಬೇಕು?’’

‘‘ಅಜ್ಜಿ ದಾಟಬೇಕು. ಅಲ್ಲೀ ತನಕ ಈ ನಗು ಒಳಗೇ ಇರಬೇಕು.’’ ಪ್ರತಿ ಮಾತನ್ನೂ ಹಲ್ಲಿನ ಸಂದಿಯಿಂದ ತಳ್ಳುತ್ತಿದ್ದ.

‘‘ಏನು ಕೊಡ್ತೀಯ? ಗಡ್ಡ, ಕಣ್ಣು ಸಾಕಾಗಲ್ಲ.’’

ಶಿವಪ್ರಕಾಶ್ ಮೇಜಿನ ನಡುವೆ ಕೈ ಚಾಚಿದ. ‘‘ಈ ಡಬ್ಬಿ.’’

‘‘ಶಿವು.’’ ಕೇಳವ್ವ ಮಾಯವಾಗಿ ಅಕ್ಷಯಾ ಮಾತಾಡಿದಳು. ‘‘ಅದು ಹೊಗೆಸಿದ್ಧಂದಲ್ವೋ.’’

‘‘ಪಾತ್ರ ಕೊಟ್ಟಿದ್ದನ್ನ ಆಟಗಾರನೂ ಬಿಡಬೇಕು ಅಂತ ಅಲ್ವಾ ಕಟ್ಟಳೆ? ಆಟಗಾರ ಕೊಟ್ಟಿದ್ದು ಪಾತ್ರಕ್ಕೆ ಸಲ್ಲಬಾರದು ಅಂತ ಎಲ್ಲಿದೆ?’’

ಅಕ್ಷಯಾ ನಾಗಾರ್ಜುನನ ಕಡೆ ನೋಡಿದಳು. ಕಟ್ಟಳೆಯ ಜಗಳ ಬಂದಾಗಲೆಲ್ಲ ಅವನ ಕಡೆ ನೋಡುವುದು ರೂಢಿ. ನಾಗಾರ್ಜುನ ಕಾಲರಿನ ಗುಂಡಿ ಬಿಚ್ಚಿದ.

‘‘ಇಲ್ಲ,’’ ಎಂದ ಮೆಲ್ಲಗೆ. ‘‘ಹಾಗಂತ ಎಲ್ಲೂ ಇಲ್ಲ.’’

‘‘ಇದನ್ನ ಕೊಟ್ರೆ ನಗದೆ ಉಳಿದ್ರೂ ಡಬ್ಬಿ ನಿಂದಲ್ಲ. ಗೊತ್ತಿದೆ ತಾನೆ?’’

‘‘ಗೊತ್ತು.’’

‘‘ಆಟದ ಅಜ್ಜಿಗೋಸ್ಕರ? ಮಾರ್ಕರಿನ ಗಡಿಗೆಗೋಸ್ಕರ?’’

‘‘ಮಕ್ಕಳು ಹಸಿದಿದಾವಂತೆ,’’ ಎಂದ ಶಿವಪ್ರಕಾಶ್.

ಮೌನ. ಈ ಸಲ ಅದನ್ನು ತಂದದ್ದು ಅಕ್ಷಯಾ ಅಲ್ಲ. ಮೇಜಿನ ಕೆಳಗಿನಿಂದ ಸಲೀಮ್ ತಲೆ ಎತ್ತಿದ್ದ, ಉಸಿರಾಡುತ್ತಿರಲಿಲ್ಲ. ಗರಾಜಿನ ಅರ್ಧ ತೆರೆದ ಬಾಗಿಲಿನ ಕೆಳಗೆ ಬಿಸಿಲು ಒಂದು ಪಟ್ಟಿಯಾಗಿ ಬಿದ್ದಿತ್ತು. ಶಿವಪ್ರಕಾಶನಿಗೆ ಮಾತ್ರ ಆ ಮೌನ ತನ್ನದೆಂದು ತಿಳಿಯಲಿಲ್ಲ. ಅವನು ಗಡಿಗೆಯನ್ನೇ ನೋಡುತ್ತಿದ್ದ.

‘‘ತಪ್ಪಿದರೆ?’’

‘‘ತಪ್ಪಿದರೆ ಕಳ್ಕೊಳ್ಳೋಕೆ ನನ್ನ ಹತ್ರ ಇನ್ನೇನೂ ಇಲ್ಲ ತಾಯಿ. ಹಾಕು ದಾಳ.’’

‘‘ನಾಲ್ಕಕ್ಕಿಂತ ಕಮ್ಮಿ ಬಿದ್ರೆ ಅಜ್ಜಿ ನೀರಿಗೆ.’’

ದಾಳ ಮೇಜಿನ ಉದ್ದಕ್ಕೂ ಓಡಿ, ಬೈಂಡರಿಗೆ ಬಡಿದು, ಅಂಚಿನಲ್ಲಿ ನಿಂತು, ವಾಲಿತು. ನಾಲ್ಕು.

ವಿಚಿತ್ರವೆಂದರೆ ಹರಕೆ ಫಲಿಸಿತ್ತು, ದಾಳ ನಿಲ್ಲುವ ಮೊದಲೇ. ‘ಈ ಡಬ್ಬಿ’ ಎಂದ ಗಳಿಗೆಯಲ್ಲೇ ಗಂಟಲಿನ ಗುಳ್ಳೆ ಒಡೆದು, ಇಳಿದು, ಎಲ್ಲೋ ಹೋಗಿಬಿಟ್ಟಿತ್ತು. ನಗು ಬರಲೊಲ್ಲದು. ಅಕ್ಷಯಾ ಗಡಿಗೆಯನ್ನು ಒಂದೊಂದೇ ಬೆರಳು ಮುಂದೆ ಸರಿಸಿದಳು, ಆಚೆ ದಡದಲ್ಲಿ ಅದನ್ನು ಬರೆದು ಸುತ್ತ ಪುಟ್ಟ ಪುಟ್ಟ ತಲೆಗಳನ್ನು ಬರೆದಳು. ಆಮೇಲೆ ಸೇತುವೆಯನ್ನು ಒರೆಸಿದಳು.

‘‘ದಾಟಿದ್ಲು. ಹರಕೆ ತೀರ್ತು. ಈಗ ನಗಬಹುದು ಶಿವು.’’

ಶಿವಪ್ರಕಾಶ್ ಬಾಯಿ ತೆರೆದ. ಏನೂ ಬರಲಿಲ್ಲ. ಅಕ್ಷಯಾ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ನಾಗಾರ್ಜುನನ ಮುಂದಿಟ್ಟಳು. ‘‘ಮಾತು ಮಾತೇ.’’

ನಾಗಾರ್ಜುನ ಡಬ್ಬಿಯ ಮುಚ್ಚಳದ ಮೇಲೆ ಕೈ ಇಟ್ಟ. ತೆರೆಯಲಿಲ್ಲ. ಬೈಂಡರಿನ ಪುಟ ಸರಸರನೆ ತಿರುವಿದ, ಯಾವುದೋ ಕೋಷ್ಟಕದಲ್ಲಿ ಏನನ್ನೋ ಹುಡುಕುವವನಂತೆ. ಸಿಗಲಿಲ್ಲವೆಂದು ತೋರುತ್ತದೆ.

‘‘ಕೇಳವ್ವಾ,’’ ಎಂದ.

ಅಕ್ಷಯಾ ಬೆಚ್ಚಿದಳು. ‘‘ಏನು… ಏನು ಬೇಕು?’’

‘‘ಇವನು ಭಾಗವತ ಆಗ್ಬೇಕು.’’ ಬಲಗೈ ಕಳೆದುಕೊಳ್ಳುವ ಭಯದಲ್ಲಿ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ‘‘ಅವನು ಆಗಲೇ ‘ಮಕ್ಕಳು ಹಸಿದಿದಾವೆ’ ಅಂದಾಗ ನಂಗೆ… ನಂಗೆ ಮೈ ಜುಂ ಅಂತು. ಅದಕ್ಕೆ ನಾನು ಕೋಷ್ಟಕ ಬರೆಯೋಕಾಗಲ್ಲ.’’

‘‘ಏನು ಕೊಡ್ತೀಯ?’’

‘‘ಇದರಲ್ಲಿ ಹತ್ತು ಪುಟ.’’

‘‘ಹತ್ತು ಪುಟಕ್ಕೆ ಅವನು ಭಾಗವತನ ಚಪ್ಪಲಿ ಆಗ್ತಾನೆ.’’

‘‘ಮೂವತ್ತು. ಬೆಂಕಿ, ಬೀಗ, ಗಾಳಿ ಎಲ್ಲಾ ತಗೋ. ಮಿಂಚು ಒಂದು ಬಿಟ್ಬಿಡು ತಾಯಿ. ಮಿಂಚಿನ ಚಿತ್ರಕ್ಕೆ ಒಂದು ತಿಂಗಳು ಕೂತಿದೀನಿ.’’

‘‘ಮಿಂಚೇ ಬೇಕು,’’ ಎಂದಳು ಕೇಳವ್ವ.

ನಾಗಾರ್ಜುನ ಮಿಂಚಿನ ಪುಟಗಳನ್ನು ಒಮ್ಮೆ ಸವರಿದ. ಕಟಕ್ಕೆಂದು ಬೈಂಡರಿನ ಉಂಗುರ ಬಿಚ್ಚಿದ. ಅದೇ ಹೊತ್ತಿಗೆ ಫಖರುನ್ನಿಸಾ ಎರಡನೆಯ ಒಬ್ಬೆ ಬಜ್ಜಿ ತಂದು, ‘‘ಎಣ್ಣೆ ಇಳಿಯಕ್ಕೆ ಕಾಗದ ಕೊಡ್ರೋ ಯಾರಾದ್ರೂ, ಟಿಶ್ಯೂ ಮುಗ್ದೋಗಿದೆ,’’ ಎಂದಳು. ನಾಗಾರ್ಜುನ ತಾನೇ ಮಿಂಚಿನ ಹನ್ನೆರಡು ಬಗೆಯನ್ನೂ ತಟ್ಟೆಯ ಮೇಲೆ ಹಾಸಿದ. ಬಜ್ಜಿ ಬಿದ್ದವು, ಮಿಂಚು ಒಂದೊಂದಾಗಿ ಎಣ್ಣೆಯಲ್ಲಿ ಪಾರದರ್ಶಕವಾಗುತ್ತಾ ಹೋಯಿತು.

‘‘ತಪ್ಪಿದರೆ?’’ ಕೇಳಿದಳು ಅಕ್ಷಯಾ.

‘‘ತಪ್ಪಲ್ಲ.’’

‘‘ಅದು ಉತ್ತರ ಅಲ್ಲ.’’

ನಾಗಾರ್ಜುನ ಯೋಚಿಸಿದ. ಪ್ರಗತಿ ವರದಿಯ ಮುಖ ಹೊತ್ತು ಹೇಳಿದ: ‘‘ತಪ್ಪಿದರೆ ಪ್ರತಿ ಶನಿವಾರ, ಆಟ ಶುರು ಆಗೋಕೆ ಮುಂಚೆ, ನಾನು ಮೋಡೆಮ್ ಆಗ್ತೀನಿ.’’

‘‘ಆ ಮೋಡೆಮ್ಮು ಅರ್ಧಕ್ಕೇ ನಿಂತಿದೆ ಕಣೋ,’’ ಎಂದ ಸಲೀಮ್. ‘‘ಎರಡನೇ ಸಲ ಕನೆಕ್ಟ್ ಆಯ್ತೋ ಇಲ್ವೋ ಗೊತ್ತೇ ಆಗ್ಲಿಲ್ಲ.’’

ಅಕ್ಷಯಾ ಡಬ್ಬಿಯನ್ನು ಶಿವಪ್ರಕಾಶನ ಮುಂದಕ್ಕೆ ನೂಕಿದಳು. ಶಿವಪ್ರಕಾಶ್ ಅದನ್ನು ಮುಟ್ಟಲು ಧೈರ್ಯವಿಲ್ಲದೆ ನಾಗಾರ್ಜುನನನ್ನೇ ನೋಡುತ್ತಾ ಕೂತ. ನಾಗಾರ್ಜುನ ಎದ್ದು ನಿಂತ. ಕಾಲರಿನ ಗುಂಡಿ ಹಾಕಿಕೊಂಡ. ಬಾಕಿ ಉಳಿದ ಕೆಲಸ ಮುಗಿಸದೆ ಮನೆಗೆ ಹೋಗದ ಮನುಷ್ಯ ಅವನು. ಎರಡೂ ಕೈ ಬದಿಗಿಳಿಸಿ, ಕಣ್ಣು ಮುಚ್ಚಿ, ಮೊದಲಿಂದ ಹಿಡಿದ.

‘‘ಟೂಂಂಂಂ. ಟಿಪ್ ಟಪ್ ಟಿಪ್ ಟಿಪ್…’’

ಹೋದ ಗುಳ್ಳೆ ಹೊಕ್ಕುಳಿನ ಹತ್ತಿರ ಮತ್ತೆ ಎದ್ದಿತು. ಈ ಸಲ ಸೇತುವೆಯ ಮೇಲೆ ಯಾರೂ ಇರಲಿಲ್ಲ. ಮೊದಲನೆಯ ಡೊಂಯ್‌ಗೆ ಸಲೀಮ್ ನಕ್ಕ, ಎರಡನೆಯದಕ್ಕೆ ಅಕ್ಷಯಾ ನಕ್ಕಳು, ಕಾರಿನ ಲೈಟು ಕಣ್ಣೆದುರೇ ಮಂಕಾಗಿ ಆರಿಹೋದುದನ್ನು ಕಂಡ ಫಖರುನ್ನಿಸಾಳೂ ನಕ್ಕಳು. ‘‘ಲೈನ್ ಬಿಝಿ’’ ಎಂಬುದನ್ನು ಮಾತ್ರ ಯಾರೂ ಕೇಳಿಸಿಕೊಳ್ಳಲಿಲ್ಲ. ಶಿವಪ್ರಕಾಶ್ ತವರದ ಡಬ್ಬಿಯನ್ನು ಎದೆಗವಚಿಕೊಂಡು, ಒಳಗಿನ ದಾಳಗಳೆಲ್ಲ ಗಲಗಲ ಕುಣಿಯುವಂತೆ, ಬೀದಿಯ ಆಚೆಯ ನಾಯಿ ಎದ್ದು ಬೊಗಳುವಂತೆ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.